ಅತ್ತಿಗೆ ಅರ್ಧ ಮುರಿದ ಮಾತ್ರೆ

ಅಂದು ಬೆಳಿಗ್ಗೆ ನಮ್ಮ ಇಸ್ತ್ರಿ ಅಂಗಡಿಯಲ್ಲಿ ಸುಟ್ಟ ವಾಸನೆ ಬಂತು. ಯಾರದೋ ಅಂಗಿ ಹೋಯಿತು ಎಂದುಕೊಂಡು ತಿರುಗಿದೆ. ಸುಟ್ಟಿದ್ದು ಅತ್ತಿಗೆಯ ಕೈ.

ಅವಳು ಮೇಜಿನ ಪಕ್ಕ ಬಿದ್ದು ಅದುರುತ್ತಿದ್ದಳು. ಚಿಕ್ಕಂದಿನಿಂದ ಅವಳಿಗೆ ಫಿಟ್ಸ್ ಇದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದುದರಿಂದ ಮೂರು ವರ್ಷ ಬಂದಿರಲಿಲ್ಲ. ಈಗ ಅವಳು ಮೂರು ತಿಂಗಳ ಬಸುರಿ.

"ಚಮಚ ತಾರೇ, ಹಲ್ಲು ಕಚ್ಕೊಂಡಿದಾಳೆ!" ಅಮ್ಮ ಕೂಗಿದಳು.

"ಬಾಯಿಗೆ ಏನೂ ಹಾಕ್ಬೇಡಿ!" ಬಟ್ಟೆ ಒಯ್ಯಲು ಬಂದಿದ್ದ ನಮ್ಮ ಬೀದಿಯ ನರ್ಸಕ್ಕ ಒಳಗೆ ನುಗ್ಗಿದರು. ಅತ್ತಿಗೆಯನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ಮಡಿಸಿದ ಹೊದಿಕೆ ಇಟ್ಟು, ಗಡಿಯಾರ ನೋಡುತ್ತ ಕೂತರು. ಅದುರುವುದು ನಿಂತ ಮೇಲೆ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು.

ಕೈಗೆ ಪಟ್ಟಿ ಕಟ್ಟಿ ಮಲಗಿಸಿದಾಗ ನರ್ಸಕ್ಕ ಮೆಲ್ಲಗೆ ಕೇಳಿದರು: "ಮಾತ್ರೆ ತಗೋತಿದ್ದೀಯಾ?"

ಅತ್ತಿಗೆ ಗೋಡೆ ಕಡೆ ತಿರುಗಿದಳು. "ನಾಜೂಕು ಬಟ್ಟೆಗೆ ಶಾಖ ಕಮ್ಮಿ ಮಾಡ್ತೀವಲ್ಲಕ್ಕ... ಹಾಗೇ ಮಗೂಗೆ ಅಂತ ಅರ್ಧ ಮುರಿದೆ. ಹೋದ ವಾರದಿಂದ ಅದನ್ನೂ ಬಿಟ್ಟೆ."

"ಯಾರನ್ನ ಕೇಳಿದೆ?"

"ಯಾರನ್ನ ಕೇಳಲಿ? ಮನೇಲಿ ಕೇಳಿದ್ರೆ ಮಾತ್ರೆ ಬಿಡು ಅಂತಾರೆ, ಡಾಕ್ಟ್ರನ್ನ ಕೇಳಿದ್ರೆ ಮಗು ಬೇಡ ಅಂತಾರೆ. ಹೋದ ವರ್ಷ ಒಂದು ಹೊಟ್ಟೇಲೇ ಹೋಯ್ತು. ಈಗ ನಿದ್ದೇನೇ ಇಲ್ಲ. ಗಳಿಗೆಗೊಂದ್ಸಲ ಒಳಗೆ ಹೋಗಿ ಬಟ್ಟೇಲಿ ರಕ್ತ ಇದೆಯಾ ಅಂತ ನೋಡ್ಕೋತೀನಿ."

ಅವಳು ದಿನಕ್ಕೆ ಹತ್ತು ಸಲ ಬಚ್ಚಲಿಗೆ ಓಡುವುದನ್ನು ನಾನು ನೋಡಿದ್ದೆ. ಬಾಯಿ ಬಿಟ್ಟು ಕೇಳಿರಲಿಲ್ಲ.

ಅಮ್ಮ ಮೂಗು ಮುರಿದಳು. "ನಾವೂ ಹೆತ್ತಿದ್ದೀವಿ ನರ್ಸಮ್ಮ. ಇಷ್ಟಕ್ಕೆಲ್ಲ ಹೆದರ್ತಾ ಕೂತಿದ್ವಾ?"

"ನಿಮಗೆ ಫಿಟ್ಸ್ ಇತ್ತಾ ಅಮ್ಮ?"

"ಇಲ್ಲಪ್ಪ."

"ಒಂದನ್ನ ಕಳ್ಕೊಂಡು ಇನ್ನೊಂದನ್ನ ಹೊತ್ತಿದ್ರಾ?"

ಅಮ್ಮ ಸೆರಗು ಹಿಂಡಿದಳು. ಹೋದ ವರ್ಷ "ಆ ಹಾಳು ಮಾತ್ರೆಯಿಂದಲೇ ಮಗು ಹೋಯ್ತು" ಎಂದವಳು ಅವಳೇ.

"ಇವಳ ಭಯ ಸುಳ್ಳಲ್ಲ," ನರ್ಸಕ್ಕ ಹೇಳಿದರು. "ಒಳಗೇ ಇಟ್ಕೊಂಡ್ರೆ ನಿದ್ದೆ ಕೆಡುತ್ತೆ. ನಿದ್ದೆ ಕೆಟ್ಟು ಮಾತ್ರೇನೂ ತಪ್ಪಿದ್ರೆ ಫಿಟ್ಸ್ ಬರುತ್ತೆ, ಅದು ತಾಯಿಗೂ ಅಪಾಯ, ಮಗೂಗೂ ಅಪಾಯ. ಬಸುರಿಗೆ ಯಾವ ಮಾತ್ರೆ, ಎಷ್ಟು ಅಂತ ಡಾಕ್ಟ್ರು ನೋಡಿ ಬದಲಾಯಿಸ್ತಾರೆ. ನಾವೇ ಮುರಿಯೋದಲ್ಲ."

ಆಮೇಲೆ ಸ್ಕ್ಯಾನಿಂಗ್. ಡಾಕ್ಟರು ಪರದೆ ನೋಡುತ್ತ ಯಂತ್ರವನ್ನು ಅವಳ ಹೊಟ್ಟೆಯ ಮೇಲೆ ಆಡಿಸಿದರು. ಅತ್ತಿಗೆಯ ಉಗುರು ನನ್ನ ಅಂಗೈಗೆ ನಾಟಿತು.

"ಬಡಿತ ಇದೆ."

"ಉಳಿಯುತ್ತಾ ಡಾಕ್ಟ್ರೇ?"

"ಇವತ್ತು ಚೆನ್ನಾಗಿದೆ. ಇವತ್ತು ಇಷ್ಟೇ ಹೇಳಬಲ್ಲೆ. ನಾನು ಬರೆದುಕೊಡೋ ಮಾತ್ರೆ ಮಾತ್ರ ತಪ್ಪಿಸ್ಬೇಡ."

ಹೊರಗೆ ಬಂದ ಮೇಲೆ ಅಮ್ಮ ನೆಲ ನೋಡುತ್ತ ಅಂದಳು: "ಅವತ್ತು ಬಾಯಿಗೆ ಬಂದದ್ದು ಅಂದ್ಬಿಟ್ಟೆ ಕಣೇ. ನನಗೇನು ಗೊತ್ತಿತ್ತು? ಇನ್ಮೇಲೆ ಮಾತ್ರೆ ನನ್ನ ಕೈಯಿಂದಲೇ ತಗೋ."

ಅತ್ತಿಗೆಯ ಭಯ ಹೋಗಿಲ್ಲ. ಆದರೆ ಈಗ ಅದನ್ನು ಹೇಳುತ್ತಾಳೆ. ಸಂಜೆ ನನ್ನ ಪಕ್ಕ ಕೂತು, ಮನಸ್ಸಿಗೆ ಬಂದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾಳೆ. ನನ್ನ ಸೊಟ್ಟ ಅಕ್ಷರದಲ್ಲಿ ಬರೆದುಕೊಂಡು ಡಾಕ್ಟರಿಗೆ ತೋರಿಸುತ್ತೇವೆ. ಎದೆ ಡವಗುಟ್ಟಿದಾಗ ಇಬ್ಬರೂ ನಿಧಾನವಾಗಿ ಉಸಿರು ಬಿಡುತ್ತೇವೆ. ಕೆಲವು ದಿನ ಅದೂ ಸಾಲುವುದಿಲ್ಲ. ಆಗ ನರ್ಸಕ್ಕನಿಗೆ ಫೋನ್ ಮಾಡುತ್ತೇವೆ.

ಓದುತ್ತಿರುವ ಅಕ್ಕತಂಗಿಯರೇ, ಫಿಟ್ಸ್, ಸಕ್ಕರೆ, ಬಿಪಿ, ಹೃದಯದ ತೊಂದರೆ, ಏನೇ ಇರಲಿ, ಬಸುರಿ ಎಂದು ತಿಳಿದ ಕೂಡಲೇ ಡಾಕ್ಟರಿಗೆ ಹೇಳಿ. ಅವರನ್ನು ಕೇಳದೆ ಮಾತ್ರೆ ಬಿಡಬೇಡಿ. ಭಯದಿಂದ ಊಟ, ನಿದ್ದೆ ದೂರವಾದರೆ ಅದಕ್ಕೂ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನಿಸಿದರೆ ಆ ಗಳಿಗೆಯಲ್ಲೇ ಯಾರಿಗಾದರೂ ಹೇಳಿ, ಆಸ್ಪತ್ರೆಗೆ ಹೋಗಿ.

ಬಸುರಿ ಇರುವ ಮನೆಯವರೇ, ಅವಳೇ ಹೇಳಲಿ ಎಂದು ಕಾಯಬೇಡಿ. ನಾನು ಕಾದೆ. ನೀವು ಇವತ್ತೇ ಕೇಳಿ.