ತಲೆಗೆ ಹಾಕುವ ಎಣ್ಣೆ

ಮುಚ್ಚಳ ತಿರುಗಿಸಿದ ಸುಚಿತಾಳ ಮೂಗಿಗೆ ಬಡಿದದ್ದು ತೆಂಗಿನೆಣ್ಣೆಯ ವಾಸನೆಯಲ್ಲ, ಗೇರುಹಣ್ಣಿನ ಸಾರಾಯಿಯ ಘಾಟು. ಅಂಗೈಗೆ ಸುರಿದುಕೊಂಡದ್ದು ಬೆರಳ ಸಂದಿನಿಂದ ನೀರಿನಂತೆ ಜಾರಿತು. ಅವಳು ಬಾಟಲಿಯನ್ನು ಹಡಗಿನ ಕೋಣೆಯ ದೀಪಕ್ಕೆ ಹಿಡಿದು ನೋಡಿದಳು.

ನಿನ್ನೆ ಮುಂಬೈನಲ್ಲಿ ಹಡಗು ಹತ್ತುವಾಗ ಬ್ಯಾಗ್ ತಪಾಸಣೆಯವಳು ಇದೇ ಬಾಟಲಿಯನ್ನು ಎತ್ತಿ ಹಿಡಿದಿದ್ದಳು. ಹೊರಗಿನ ಮದ್ಯ ಒಳಗೆ ತರುವಂತಿಲ್ಲ ಎಂಬ ಫಲಕ ಅವಳ ಹಿಂದೆಯೇ ಇತ್ತು. "ತಲೆಗೆ ಹಾಕುವ ಎಣ್ಣೆ" ಎಂದು ಹಿಂದಿಯಲ್ಲಿ ಹೇಳಿದ ಗಂಡ ಜಗದೀಶನ ಹಣೆಯಲ್ಲಿ ಬೆವರಿತ್ತು. ಸೆಕೆಗೆ ಅಂದುಕೊಂಡಿದ್ದಳು ಸುಚಿತಾ.

ಕಳೆದ ಮಳೆಗಾಲದಲ್ಲಿ ಅವನು ರಕ್ತ ಕಾರಿದ್ದ. "ಇನ್ನೊಂದು ಗುಟುಕು ಒಳಗೆ ಹೋದರೆ ನನ್ನ ಹತ್ತಿರ ಕರೆತರಬೇಡಿ" ಎಂದಿದ್ದರು ಡಾಕ್ಟರು. ಅಂದಿನಿಂದ ಮುಟ್ಟಿರಲಿಲ್ಲ. ಕುಮಟಾದ ಅವನ ಪೇಂಟ್ ಅಂಗಡಿಗೆ ಕಂಪನಿ ಈ ಕೊಚ್ಚಿ ಪ್ರವಾಸವನ್ನು ಬಹುಮಾನವಾಗಿ ಕೊಟ್ಟಾಗ ಬೇಡವೆಂದವಳು ಅವಳೇ. ಹಡಗಿನಲ್ಲಿ ಪ್ರತಿ ಅಂತಸ್ತಿಗೂ ಒಂದು ಬಾರು. ಕೊರಳಿನ ಕಾರ್ಡು ತೋರಿಸಿದರೆ ಸಾಕು.

ಅವಳು ಬಾಟಲಿಯನ್ನು ಬೇಸಿನ್ನಿಗೆ ಬೋರಲು ಹಾಕಿದಳು. ಕೊನೆಯ ಹನಿ ಇಳಿಯುವಷ್ಟರಲ್ಲಿ ಬಾಗಿಲು ತೆರೆಯಿತು.

"ಎಂತ ವಾಸ್ನೆ ಇದು?" ಅಂದ ಜಗದೀಶ. ಅವಳ ಕೈ ನೋಡಿದ. ಮುಖ ಬಿಳಿಚಿಕೊಂಡಿತು. "ಚೆಲ್ಲಿದ್ಯನೆ?"

"ಮತ್ತೆಂತ ಮಾಡ್ಬೇಕಿತ್ತು? ಗ್ಲಾಸಿಗೆ ಹೊಯ್ದು ಕೊಡ್ಬೇಕಿತ್ತ? ನಿಮ್ಗೆ ನಾವ್ ಯಾರೂ ಬೇಡ್ವ?"

"ನಾ ತಂದದ್ದಲ್ಲ. ಅಮ್ಮ ಇಟ್ಟದ್ದು. ನಿನ್ ಎದ್ರಿಗೇ ಹೇಳಿತ್ತಲ್ಲ, ಎಣ್ಣೆ ಇಟ್ಟಿದ್ದೆ ಮರೀಬೇಡಿ ಅಂತ."

ಜಗದೀಶ ಕುಡಿತ ಬಿಟ್ಟ ಮೇಲೆ ಮಾವಿನಕುರ್ವೆಯ ಆ ಮನೆಯಲ್ಲಿ ಸೆರೆ ಎಂಬ ಶಬ್ದವನ್ನೇ ಯಾರೂ ಎತ್ತುತ್ತಿರಲಿಲ್ಲ. ಬೀದಿಯ ಹುಡುಗರು ಹೇಳುವಂತೆ ಅತ್ತೆ ಗಣಪಿಯೂ ಎಣ್ಣೆ ಎನ್ನತೊಡಗಿದ್ದಳು. ಅದನ್ನು ಕೇಳಿ ನಕ್ಕವಳು ಸುಚಿತಾಳೇ. ಆದರೆ ಬ್ಯಾಗು ಕಟ್ಟುವ ಗಡಿಬಿಡಿಯಲ್ಲಿ ಎಣ್ಣೆ ಎಂದರೆ ಎಣ್ಣೆ ಎಂದೇ ಕೇಳಿಸಿತ್ತು.

"ನಮ್ ಅಳಿವೆ ಎದುರು ಬಂದಾಗ ಸಮುದ್ರಕ್ಕೆ ಹೊಯ್ಯುಕೆ ಕೊಟ್ಟದ್ದು," ಅಂದ ಅವನು. "ಮೊದಲ್ನೇ ಸಲ ಹತ್ತಿದ ಬೋಟಿನಿಂದ ಹೊಯ್ಲೇಬೇಕು. ನೀರು ಬೆರೆಸೂಕಾಗ, ಬಾಯಿಗೆ ತಾಗ್ಸೂಕಾಗ. ಅಪ್ಪ ಹೊಸ ಬೋಟು ತಂದ ದಿವ್ಸ ಇಲೆಕ್ಷನ್ ಅಂತ ವೈನ್‌ಶಾಪ್ ಬಂದ್. ಹಂಗೇ ಹೋದ."

ಮುಂದಿನದು ಅವಳಿಗೆ ಗೊತ್ತಿತ್ತು. ಹೊಳೆ ಸಮುದ್ರ ಸೇರುವ ಅಳಿವೆಯ ಮರಳುದಿಬ್ಬಕ್ಕೆ ತಾಗಿ ಮಗುಚಿದ ಆ ದೋಣಿಯ ಒಂದು ಹಲಗೆ ಇನ್ನೂ ಅವರ ಹಿತ್ತಲಲ್ಲಿದೆ.

ಗೋಡೆಯ ಟಿವಿಯಲ್ಲಿ ಹಡಗಿನ ಚುಕ್ಕೆ ಕಾರವಾರ ದಾಟಿ ಕುಮಟಾದ ನೇರಕ್ಕೆ ಬಂದಿತ್ತು; ಅವರ ಅಳಿವೆ ಇನ್ನು ದೂರವಿರಲಿಲ್ಲ.

"ಒಂದು ಪೆಗ್ ತಂದ್ರಾತು," ಎನ್ನುತ್ತ ಜಗದೀಶ ಕಾರ್ಡು ಕೊರಳಿಗೆ ಹಾಕಿಕೊಂಡ. ಅವನ ಕಣ್ಣು ಬೇಸಿನ್ನಿನ ಕಡೆಗೇ ಇತ್ತು. ಅದನ್ನು ಕಂಡ ಅವಳು ಬಾಗಿಲಿಗೆ ಅಡ್ಡ ನಿಂತಳು.

"ನೀವು ಇಲ್ಲೇ ಕೂತ್ಕಣಿ. ನಾ ತರ್ತೆ."

ಹಡಗಿನ ಅಂಗಡಿಯಲ್ಲಿ ಬಾಟಲಿಗಳಿದ್ದವು. ಆದರೆ ಕೊಂಡದ್ದನ್ನು ಕೊಚ್ಚಿಯಲ್ಲಿ ಇಳಿಯುವಾಗಲೇ ಕೈಗೆ ಕೊಡುವುದಂತೆ. ಬಾರಿಗೇ ಹೋದಳು. ಊರಿನ ವೈನ್‌ಶಾಪಿನ ಎದುರು ಬಂದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುವವಳು ಎತ್ತರದ ಕಟ್ಟೆಗೆ ಮೊಣಕೈ ಊರಿ ನಿಂತಳು. ಯಾವುದು ಬೇಕೆಂದು ಬಾರಿನವನು ಕೇಳಿದ. ಯಾವುದಾದರೂ ಸರಿ, ನೀರು ಬೇಡ, ಐಸೂ ಬೇಡ ಎಂದಳು. ಅವನು ಹುಬ್ಬೇರಿಸಿದ.

ಪಕ್ಕದಲ್ಲಿ ನಗು ಕೇಳಿತು. ಇದೇ ಬಹುಮಾನ ಗೆದ್ದು ಬಂದಿದ್ದ ಭಟ್ಕಳದ ಪೇಂಟ್ ಅಂಗಡಿಯ ಭಾಸ್ಕರ.

"ಎಂತ ಅಕ್ಕಾ, ಜಗದೀಶಣ್ಣ ಬಿಟ್ಟ ಅಂದ್ರು. ನೀವ್ ಹಿಡಿದ್ರ್ಯಾ?"

"ಹೌದು. ಮನೇಲಿ ಒಬ್ರಾದ್ರೂ ಬೇಕಲ್ಲ," ಅಂದಳು ಸುಚಿತಾ. ಪ್ಲಾಸ್ಟಿಕ್ ಲೋಟವನ್ನು ವೇಲಿನ ಮರೆಯಲ್ಲಿ ಹಿಡಿದು ನಡೆದಳು.

ಜಗದೀಶ ಕೋಣೆಯಲ್ಲಿ ಕೂತಿರಲಿಲ್ಲ, ಮೇಲಿನ ಡೆಕ್ಕಿನ ಕಂಬಿ ಹಿಡಿದು ನಿಂತಿದ್ದ. ಪೂರ್ವಕ್ಕೆ ಊರಿರಬೇಕಾದಲ್ಲಿ ಮಬ್ಬು ಮಾತ್ರ ಇತ್ತು.

"ನಾನೇ ಹೊಯ್ತೆ," ಅಂದಳು.

"ಮನೆ ಗಂಡಸು ಹೊಯ್ಬೇಕು."

ಅವಳು ಲೋಟ ಬಿಡಲಿಲ್ಲ. ಅವನೂ ಎಳೆಯಲಿಲ್ಲ. ಇಬ್ಬರ ಕೈಯೂ ಅದರ ಮೇಲಿತ್ತು. ಅವನ ಮೂಗಿನ ಹೊಳ್ಳೆ ಅರಳಿತು. ಅವಳು ಕಣ್ಣು ಮುಚ್ಚಿ ಕೈ ಸಡಿಲಿಸಿದಳು.

ಗಾಳಿಯ ಸದ್ದಷ್ಟೇ ಕೇಳಿತು. ಆಮೇಲೆ ಅವಳ ಕೆನ್ನೆಗೆ ಏನೋ ಸಿಡಿಯಿತು.

ಕಣ್ಣು ಬಿಟ್ಟಳು. ಅವನು ಗಾಳಿಯ ದಿಕ್ಕು ನೋಡದೆ ಹೊಯ್ದಿದ್ದ. ಬೋಟು ನಡೆಸುವ ತಾಂಡೇಲನ ಮಗನಾಗಿಯೂ. ಅರ್ಧ ಸಮುದ್ರಕ್ಕೆ ಹೋಗಿರಬಹುದು. ಉಳಿದದ್ದು ತಿರುಗಿ ಬಂದು ಅವನ ಅಂಗಿ ನೆನೆಸಿತ್ತು, ಮುಖದ ಮೇಲಿಂದ ಇಳಿಯುತ್ತಿತ್ತು. ಮೀಸೆಯ ತುದಿಯಲ್ಲಿ ಕೂಡಿದ ಹನಿಯೊಂದು ದಪ್ಪವಾಗುತ್ತ ಮೇಲ್ದುಟಿಗೆ ಬಂದು ನಿಂತಿತು.

ಅವನು ಅಲುಗಲಿಲ್ಲ. ಬಿಗಿಹಿಡಿದ ತುಟಿಗಳು ಬೆಳ್ಳಗಾಗಿದ್ದವು. ಗಂಟಲ ಉಬ್ಬು ಒಮ್ಮೆ ಮೇಲೆ ಹೋಗಿ ಕೆಳಗೆ ಇಳಿಯಿತು. ಕಣ್ಣು ಅವಳನ್ನೇ ನೋಡುತ್ತಿತ್ತು.

ಸುಚಿತಾ ವೇಲಿನ ತುದಿಯನ್ನು ಬೆರಳಿಗೆ ಸುತ್ತಿ ಅವನ ಮೀಸೆ ಒರೆಸಿದಳು, ತುಟಿ ಒರೆಸಿದಳು. ಒದ್ದೆಯಾದ ತುದಿ ಬಿಟ್ಟು ಒಣಗಿದ ಇನ್ನೊಂದು ತುದಿ ಹಿಡಿದು ಮತ್ತೆ ಒರೆಸಿದಳು. ಖಾಲಿ ಲೋಟ ಡೆಕ್ಕಿನ ಮೇಲೆ ಅತ್ತಿತ್ತ ಉರುಳುತ್ತಿತ್ತು. ಅವನು ಇನ್ನೂ ಬಾಯಿ ತೆರೆದಿರಲಿಲ್ಲ.