ಪಂಚಾಂಗದಲ್ಲಿಲ್ಲದ ಗ್ರಹಣ

ಎಂಬತ್ತೆರಡರ ಬೇಸಿಗೆಯಲ್ಲಿ ಒಂದು ದಿನ ಬೆಳಗ್ಗೆ ಯಲಹಂಕದ ಆಕಾಶದಲ್ಲಿ ಸೂರ್ಯನ ಸುತ್ತ ದೊಡ್ಡದೊಂದು ಬಳೆ ಕಾಣಿಸಿಕೊಂಡಿತು. ಒಳಅಂಚು ನಸುಗೆಂಪು, ಹೊರಗೆ ಬಿಳಿ. ಬೀದಿಯವರೆಲ್ಲ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ನಮ್ಮ ಅತ್ತೆ ಪುಟ್ಟಲಕ್ಷ್ಮಮ್ಮ ನೋಡಿದ್ದೇ ತಡ, ಒಳಗೆ ಓಡಿಬಂದು ಆಗಷ್ಟೇ ಒಲೆಯಿಂದ ಇಳಿಸಿದ್ದ ಹುಳಿಯನ್ನು ಬಚ್ಚಲಿಗೆ ಸುರಿದರು. ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಟ್ಟರು. ನನ್ನನ್ನು ಕೋಣೆಗೆ ಕಳಿಸಿ ಕಿಟಕಿ ಮುಚ್ಚಿದರು.

"ಮಲ್ಕೋ ವೇದಾ. ಏನೂ ಹೆಚ್ಬೇಡ, ಮಡಿಸ್ಬೇಡ. ಗ್ರಹಣ ಕಣೇ ಇದು."

ನನಗೆ ಎಂಟನೇ ತಿಂಗಳು. ಮಲಗಿದೆ. ವಾದ ಮಾಡುವ ಅಭ್ಯಾಸ ಎರಡು ವರ್ಷದ ಹಿಂದೆಯೇ ತಪ್ಪಿಹೋಗಿತ್ತು.

ಎಂಬತ್ತರಲ್ಲಿ ನಿಜವಾದ ಗ್ರಹಣ ಹಿಡಿದಾಗ ನಾನು ಮೊದಲ ಸಲ ಬಸುರಿ. ಒಣಗಿದ ಬಟ್ಟೆ ತರಲು ಒಂದು ಗಳಿಗೆ ಹಿತ್ತಲಿಗೆ ಹೋಗಿದ್ದೆ, ಅಷ್ಟೆ. ತಿಂಗಳು ಕಳೆಯುವುದರೊಳಗೆ ಮಗು ಸತ್ತು ಹುಟ್ಟಿತು. ಅತ್ತೆ ಕಿರುಚಾಡಲಿಲ್ಲ. "ಹೊರಗೆ ಹೋಗ್ಬಾರದಿತ್ತು" ಎಂದರು, ಬಂದವರಿಗೆಲ್ಲ ಅದನ್ನೇ ಹೇಳಿದರು. ಬಂದವರೂ ತಲೆ ಆಡಿಸಿ ಕಾಫಿ ಕುಡಿದು ಹೋದರು. ತಪ್ಪು ಮಾಡಿದವಳು ಅಳುತ್ತಾ ಕೂತರೆ ನೋಡಲು ಚೆನ್ನಾಗಿರುವುದಿಲ್ಲ. ನಾನು ಅಳಲಿಲ್ಲ. ಆಮೇಲೆ ಅಳು ಬರಲೂ ಇಲ್ಲ, ನಗುವೂ ಬರಲಿಲ್ಲ, ಹಸಿವೂ ಅಷ್ಟಕ್ಕಷ್ಟೆ. ಕಾಲು ಜೋಮು ಹಿಡಿದರೆ ಹೇಗೋ, ಹಾಗೆ ಇಡೀ ಮೈ.

ಪಕ್ಕದ ಮನೆಯ ವೆಂಕಟರಾಮಯ್ಯನವರು ಪಂಚಾಂಗ ತಂದರು. ಪೌರೋಹಿತ್ಯ ಮಾಡಿ ವಯಸ್ಸಾದವರು. ನಡುಮನೆಯಲ್ಲಿ ಕೂತು ಹಾಳೆ ತಿರುವಿದ್ದು ನನಗೆ ಕೇಳಿಸುತ್ತಿತ್ತು.

"ಇದರಲ್ಲಿ ಇಲ್ಲಮ್ಮ. ಇವತ್ತು ಅಮಾವಾಸ್ಯೆನೂ ಅಲ್ಲ. ಸ್ಪರ್ಶಕಾಲ ಇಲ್ಲ, ಮೋಕ್ಷಕಾಲ ಇಲ್ಲ. ತೆಳ್ಳಗೆ ಮೋಡ ಇದ್ರೆ ಹೀಗೆ ಬಳೆ ಕಟ್ಟತ್ತೆ ಅಂತಾರೆ."

"ಮತ್ತೆ ಬಸುರಿ ಮನೇಲಿದಾಳಲ್ಲ?"

"ಆಚರಿಸಿದ್ರೆ ನಷ್ಟ ಏನು?" ಎಂದರು ಅವರು. ನಷ್ಟವಾಗುವುದು ಅವರಿಗಲ್ಲವಲ್ಲ.

ನಾನು ಕತ್ತಲಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗಿದ್ದೆ. ಬೆಳಗ್ಗೆ ಎದ್ದಾಗಿನಿಂದ ಮಗು ಆಡಿರಲಿಲ್ಲ. ಮೊದಲನೆಯದೂ ಹೀಗೇ ಸುಮ್ಮನಾಗಿತ್ತು. ಭಯವಾಗಬೇಕಿತ್ತು, ಆಗಲಿಲ್ಲ. ಯಾರದೋ ಮನೆಯ ಸಮಾಚಾರದಂತೆ ಅದನ್ನು ಯೋಚಿಸುತ್ತಿದ್ದೆ. ಯಜಮಾನರು ಫ್ಯಾಕ್ಟರಿಗೆ ಹೋಗಿದ್ದರು. ಮಧ್ಯಾಹ್ನ ಬಾಗಿಲು ತೆರೆದು ಹೇಳಿದೆ.

"ಅತ್ತೆ, ಮಗು ಆಡ್ತಿಲ್ಲ. ಆಸ್ಪತ್ರೆಗೆ ಹೋಗ್ಬೇಕು."

ಅವರು ಅಂಗಳಕ್ಕೆ ಹೋಗಿ ಮೇಲೆ ನೋಡಿ ಬಂದರು.

"ಇನ್ನೂ ಬಿಟ್ಟಿಲ್ಲ ಕಣೇ. ಬಿಡ್ಲಿ, ಹೋಗೋಣ."

"ಯಾವಾಗ ಬಿಡತ್ತೆ?"

ಗ್ರಹಣವಾದರೆ ಬಿಡುವ ಹೊತ್ತು ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಇದಕ್ಕೆ ಹಿಡಿದದ್ದು ಗೊತ್ತು, ಬಿಡುವುದು ದೇವರಿಗೇ ಗೊತ್ತು. ನಾನು ಚಪ್ಪಲಿ ಮೆಟ್ಟಿದೆ.

"ಈ ಸಲಾನೂ ತಪ್ಪು ನನ್ನದೇ ಅಂತ ಹೇಳಿ ಅತ್ತೆ. ನಾನು ಹೊರಟೆ."

ಗೇಟು ದಾಟುವಷ್ಟರಲ್ಲಿ ಹಿಂದೆ ಓಡಿಬಂದರು. ಕೈಯಲ್ಲಿ ಮಾವನವರ ಕರೀ ಕೊಡೆ. ಅದನ್ನು ಬಿಚ್ಚಿ ನನ್ನ ಹೊಟ್ಟೆಯ ಮೇಲೆ ನೆರಳು ಬೀಳುವಂತೆ ಹಿಡಿದು, ತಾವು ಬಿಸಿಲಲ್ಲಿ ನಡೆದರು. ಇಡೀ ಬೀದಿಯಲ್ಲಿ ನಾವಿಬ್ಬರೇ. ಒಂದು ಸಲ ನಾನು ಬೇಕೆಂದೇ ಕೊಡೆಯಿಂದ ಹೊರಗೆ ತಲೆ ಹಾಕಿ ಬಳೆಯನ್ನು ನೋಡಿದೆ. ಚೆನ್ನಾಗಿಯೇ ಇತ್ತು. ಅತ್ತೆ ನನ್ನ ಭುಜ ಹಿಡಿದು ಒಳಗೆ ಎಳೆದುಕೊಂಡರು, ಬೈಯಲಿಲ್ಲ.

ಆಸ್ಪತ್ರೆಯಲ್ಲಿ ಸಬೀರಾ ಎಂಬ ನರ್ಸ್ ಇದ್ದಳು. ಹೊಟ್ಟೆಗೆ ಪುಟ್ಟ ಕೊಳವೆ ಒತ್ತಿ, ಅದಕ್ಕೆ ಕಿವಿ ಕೊಟ್ಟು, ಜಾಗ ಬದಲಿಸಿ ಬದಲಿಸಿ ಕೇಳಿದಳು. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು.

"ಬೆಳಗ್ಗೆಯಿಂದ ಏನ್ ತಿಂದಿದೀರಾ?"

"ಕಾಫಿ."

"ತಾಯಿ ಉಪವಾಸ ಇದ್ರೆ ಮಗು ಕುಣಿಯತ್ತಾ? ಚೆನ್ನಾಗಿದೆ ಬಿಡಿ. ಎದೆ ಜೋರಾಗೇ ಹೊಡ್ಕೋತಿದೆ."

ಅತ್ತೆಗೆ ನಂಬಿಕೆ ಬರಲಿಲ್ಲ. "ಆ ಬಳೆ ಇದ್ದಾಗ್ಲೇ ಹೊರಗೆ ಬಂದಿದಾಳಮ್ಮ ಇವಳು!"

"ಬಂದ್ರೇನಾಯ್ತು? ಬನ್ನಿ, ನೀವೇ ಕೇಳಿ," ಎಂದು ಸಬೀರಾ ಅವರನ್ನು ಹತ್ತಿರ ಕರೆದಳು.

ಅತ್ತೆ ಬಗ್ಗಿ ಕೊಳವೆಗೆ ಕಿವಿ ಇಟ್ಟರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ನನ್ನ ಮುಖ ನೋಡಲಾಗದೆ ನನ್ನ ಸೀರೆಯ ನೆರಿಗೆ ಸರಿಮಾಡತೊಡಗಿದರು.

"ವೇದಾ," ಎಂದರು. "ಅದಕ್ಕೂ... ಆ ಮೊದಲನೇದಕ್ಕೂ ಹೀಗೇ ಹೊಡ್ಕೋತಿತ್ತೇನೇ?"

ಎರಡು ವರ್ಷದಲ್ಲಿ ಆ ಮಗುವಿನ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ನನಗೆ ಮೊದಲು ಬಂದದ್ದು ಸಿಟ್ಟು. ಇದನ್ನು ಕೇಳಲು ಇಷ್ಟು ದಿನ ಬೇಕಾಯಿತೇ ಎಂದು ಕೂಗಬೇಕೆನಿಸಿತು. ಆದರೆ ಬಾಯಿ ತೆರೆದರೆ ಬೇರೆಯೇ ಮಾತು ಬಂತು.

"ಹೂಂ ಅತ್ತೆ. ಹೆಣ್ಣು ಮಗು ಅದು. ತಲೆ ತುಂಬ ಕೂದಲಿತ್ತು."

ಅಷ್ಟು ಹೇಳಿ ಅತ್ತುಬಿಟ್ಟೆ. ಸಬೀರಾ ಗಾಬರಿಯಾಗಿ, "ಅಳ್ಬೇಡಿ, ಮಗು ಚೆನ್ನಾಗಿದೆ ಅಂದ್ನಲ್ಲ," ಎನ್ನುತ್ತಲೇ ಇದ್ದಳು.

"ಅಳ್ಲಿ ಬಿಡಮ್ಮ," ಎಂದರು ನಮ್ಮತ್ತೆ. "ಅವಳನ್ನ ನಾನು ಅಳಕ್ಕೇ ಬಿಟ್ಟಿರಲಿಲ್ಲ."