ಹೆಸರಿಲ್ಲದ ಮೇಣದ ತಾಟು

ಗಯಾಸುದ್ದೀನ್ ಸಾಹೇಬರ ಕೈ ಮೊದಲ ಸಲ ನನ್ನ ಬಲಭುಜದ ಮೇಲೆ ಬಿದ್ದಾಗ ನನಗೆ ಮೈಯೆಲ್ಲ ಉರಿದುಹೋಗಿತ್ತು. ಹುಮನಾಬಾದಿನಲ್ಲಿ ಹದಿನೆಂಟು ವರ್ಷ ಹಾರ್ಮೋನಿಯಂ ಪೇಟಿ ಬಾರಿಸಿದವನು ನಾನು. ದೇವಿದಾಸನ ಪೇಟಿ ಇಲ್ಲದೆ ಆ ಊರಲ್ಲಿ ಒಂದು ಭಜನೆಯೂ ಏಳುತ್ತಿರಲಿಲ್ಲ. ಅಂಥ ನನ್ನನ್ನು ಈ ಮನುಷ್ಯ ಸಂತೆಗೆ ಬಂದ ದನದ ಹಾಗೆ ಭುಜ ಹಿಡಿದು ಹಿಂದಕ್ಕೆಳೆದು, ಪೇಟಿ ಸಮೇತ ಗೋಡೆಯ ಬುಡದಲ್ಲಿ ಕೂರಿಸಿದ.

"ಇಲ್ಲಿಂದ ಬಾರಸ್ರಿ. ಅಲ್ಲಿದ್ರ ನಿಮ್ಮ ಪೇಟಿ ಸುಂದರಬಾಯಿ ದನಿ ಮ್ಯಾಲೆ ಸವಾರಿ ಮಾಡ್ತದ" ಎಂದ.

ಅದು ನಲವತ್ತೇಳರ ಚಳಿಗಾಲ. ಬಸವಕಲ್ಯಾಣಕ್ಕೆ ಆಗಿನ್ನೂ ಬರೀ ಕಲ್ಯಾಣಿ ಎಂಬ ಹೆಸರು. ಸಾಹೇಬರು ಮುಂಬಯಿಯ ಒಂದು ರಿಕಾರ್ಡು ಕಂಪನಿಗೆ ಹಾಡು ತೆಗೆದುಕೊಡುತ್ತಿದ್ದರು. ಆದರೆ ಮುಂಬಯಿಯ ಸ್ಟುಡಿಯೊ ಅವರಿಗೆ ಸೇರುತ್ತಿರಲಿಲ್ಲ. ಬ್ಯಾಟರಿಯ ಮಶೀನನ್ನು ಗಾಡಿಗೆ ಹೇರಿಕೊಂಡು ಬಂದು, ಕೋಟೆಯ ಹಿಂದಿದ್ದ ತಮ್ಮ ಹಳೆಯ ಮನೆಯ ಪಡಸಾಲೆಯಲ್ಲೇ ನಮ್ಮನ್ನೆಲ್ಲ ಕೂರಿಸಿ ಹಾಡಿಸುತ್ತಿದ್ದರು. ಹಾಡು ಇಳಿಯುತ್ತಿದ್ದುದು ದಪ್ಪನೆಯ ಮೇಣದ ತಾಟಿನ ಮೇಲೆ. ಆ ತಾಟು ಮುಂಬಯಿಗೆ ಹೋಗಿ, ಅಚ್ಚಾಗಿ, ಸಾವಿರಾರು ರಿಕಾರ್ಡಾಗಿ ಬರುತ್ತಿತ್ತು.

ಹಾಡುವವರು ಮೇಲಿನ ಸ್ವರಕ್ಕೆ ಹೋದಾಗ ದನಿ ಮೈಕಿಗೆ ಬಡಿದು ಮೇಣ ಕೆಡುತ್ತದೆ. ಅದಕ್ಕಾಗಿ ಅವರ ಹಿಂದೆ ಒಬ್ಬರು ನಿಂತು ಭುಜ ಹಿಡಿದು ಹಿಂದಕ್ಕೆಳೆಯುವುದು ಆ ಕಸುಬಿನ ವಾಡಿಕೆ. ಎಲ್ಲರೂ ಸ್ವರ ಬಂದ ಮೇಲೆ ಎಳೆಯುತ್ತಿದ್ದರು. ಸಾಹೇಬರು ಸ್ವರ ಬರುವ ಅರ್ಧ ಉಸಿರು ಮೊದಲೇ ಎಳೆಯುತ್ತಿದ್ದರು, ಇಳಿಯುವಾಗ ಮೆಲ್ಲನೆ ಮುಂದಕ್ಕೆ ಬಿಡುತ್ತಿದ್ದರು. ಸುಂದರಬಾಯಿಯದು ಬಾವಿ ಹಗ್ಗದಂಥ ಗಟ್ಟಿ ದನಿ, ಬಾಯಿಯೂ ಹಾಗೆಯೇ. ಆದರೆ ರಿಕಾರ್ಡಿನಲ್ಲಿ ಅವಳ ದನಿ ಒಮ್ಮೆ ಅಂಗಳದಾಚೆ ಹೋಗಿ, ಮತ್ತೆ ತಿರುಗಿ ಬಂದು ಕಿವಿಯ ಹತ್ತಿರ ಕೂತ ಹಾಗೆ ಕೇಳಿಸಿತು. ಮೊದಲ ಸಲ ಕೇಳಿದಾಗ ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ಆ ಮನುಷ್ಯನ ಕಾಲಿಗೆ ಬೀಳಬೇಕು ಅನ್ನಿಸಿತು. ಆರು ತಿಂಗಳಲ್ಲಿ ಕಲಬುರ್ಗಿಯಿಂದ ಸೊಲ್ಲಾಪುರದವರೆಗೆ ಹಾಡುವವರೆಲ್ಲ, ಎದುರಿಗೆ ಮೈಕು ಇಲ್ಲದಿದ್ದರೂ, ಮೇಲಿನ ಸ್ವರಕ್ಕೆ ಹಿಂದೆ ವಾಲತೊಡಗಿದರು.

ಅವರದೊಂದು ಕಟ್ಟುನಿಟ್ಟು ಇತ್ತು. ಹಾಡು ಮುಗಿದ ಕೂಡಲೇ ಬಗ್ಗಿ ಮೆಲ್ಲನೆ, "ನಾಮ್ ಬೋಲೋ" ಅನ್ನುತ್ತಿದ್ದರು. ಹಾಡಿದವರು ಹೆಸರು, ಊರು ಹೇಳಬೇಕು. ಹೇಳದಿದ್ದರೆ ಮುಂಬಯಿಯ ಕಾರ್ಖಾನೆಯವರು ಯಾರದೋ ಹಾಡಿಗೆ ಯಾರದೋ ಚೀಟಿ ಅಂಟಿಸಿಬಿಡುತ್ತಾರೆ. ಹೆಸರು ಹೇಳಿದ ಮೇಲೆ ಸಾಹೇಬರು ಬೆರಳಿನ ಬೆಳ್ಳಿ ಉಂಗುರದಿಂದ ಪಡಸಾಲೆಯ ಕಂಬಕ್ಕೆ ಎರಡು ಸಲ ಟಕ್ ಟಕ್ ಎಂದು ಬಡಿಯುವರು. ಅಲ್ಲಿಗೆ ಕೆಲಸ ಮುಗಿಯಿತು. ಒಂದು ಸಲ ಮುಡಬಿಯ ಮುದುಕನೊಬ್ಬ ಹೆಸರು ಹೇಳದೆ ಎದ್ದು ಹೋದ. ಬೀದರದ ಹಾದಿ ಹಿಡಿದಿದ್ದ ಸಾಹೇಬರು ಅದು ನೆನಪಾಗಿ ಅರ್ಧ ದಾರಿಯಿಂದ ತಿರುಗಿ ಬಂದು, ಮುದುಕನನ್ನು ಹುಡುಕಿ ಕರೆಸಿ, ಇಡೀ ಹಾಡನ್ನು ಮತ್ತೊಮ್ಮೆ ಹಾಡಿಸಿದರು.

"ಹೆಸರಿಲ್ಲದ ತಾಟು ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ರಿ" ಎಂದಿದ್ದರು.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯಕ್ಕೆ ಭಾರತದ ದಂಡು ಬಂದ ವಾರ ಅವರು ಹುಮನಾಬಾದಿನ ನಮ್ಮ ಮನೆಯಲ್ಲಿದ್ದರು. ಹಾದಿಯ ಮೇಲೆ ಯಾರು ಯಾರನ್ನು ಕಡಿಯುತ್ತಾರೋ ತಿಳಿಯದ ದಿನಗಳು. ಮೂರನೆಯ ದಿನ ಬೆಳಿಗ್ಗೆ ಛತ್ರಿ ಹಿಡಿದು, "ಮನಿಗೆ ಹೋಗ್ತೀನಿ" ಎಂದರು. ಮನೆಯಲ್ಲಿ ಮುಸಲ್ಮಾನನನ್ನು ಇಟ್ಟುಕೊಂಡಿದ್ದೇನೆ ಎಂದು ಓಣಿಯವರು ಪಿಸುಗುಟ್ಟುತ್ತಿದ್ದರು. ನಾನೂ ಪುಕ್ಕಲ. ಇರ್ರಿ ಅನ್ನಲಿಲ್ಲ. ಎರಡು ದಿನದ ಮೇಲೆ ಛತ್ರಿಯೊಂದೇ ಸಿಕ್ಕಿತು.

ಆಮೇಲೆ ಶುರುವಾದದ್ದು ಆ ಕೈ.

ಮೊದಲು ಸುಂದರಬಾಯಿಗೆ. ಆ ದೀಪಾವಳಿಯಲ್ಲಿ ಒಬ್ಬರ ಮನೆಯಲ್ಲಿ ಹಾಡುತ್ತಿದ್ದವಳು ಮೇಲಿನ ಸ್ವರ ಬರುವ ಅರ್ಧ ಉಸಿರು ಮೊದಲೇ ಹಿಂದಕ್ಕೆ ವಾಲಿದಳು. ವಾಲಿ, ಹೊರಳಿ ನೋಡಿದಳು. ಹಿಂದೆ ಬರೀ ಗೋಡೆ ಇತ್ತು. ಹಾಡು ಹೇಗೋ ಮುಗಿಸಿ ನನ್ನ ಕಡೆ ಬಂದು, "ದೇವಿದಾಸಪ್ಪಾ, ಯಾರೋ ಭುಜ ಹಿಡದ್ರು" ಎಂದಳು. ರೂಢಿ ಬಿದ್ದ ಮೈ, ಅದೇ ನೆನಪು ಮಾಡಿಕೊಂಡಿದೆ ಎಂದು ನಾನು ನಕ್ಕೆ. ವಾರದೊಳಗೆ ನನಗೂ ಆಯಿತು. ತಣ್ಣನೆಯ ಅಂಗೈ, ಎಲುಬಿನ ಮೇಲೆ ಉಂಗುರದ ಒತ್ತು. ನನ್ನ ನಗು ಅಲ್ಲಿಗೆ ನಿಂತಿತು.

ಇದನ್ನೂ ಭ್ರಮೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಸುಂದರಬಾಯಿಯ ಹತ್ತಿರ ಹಳ್ಳಿಖೇಡದಿಂದ ಹೊಸದಾಗಿ ಶೇವಂತಾ ಎಂಬ ಹೆಣ್ಣುಮಗಳು ಕಲಿಯಲು ಬಂದಳು. ಸಾಹೇಬರನ್ನು ಅವಳು ಕಂಡವಳೇ ಅಲ್ಲ. ಅವಳ ಮುಂದೆ ನಾವು ಈ ಮಾತು ಎತ್ತಿಯೂ ಇರಲಿಲ್ಲ. ಒಂದು ಮಧ್ಯಾಹ್ನ ಹಾಡು ನಿಲ್ಲಿಸಿ ಭುಜ ತಿಕ್ಕಿಕೊಳ್ಳುತ್ತ, "ಬಾಯೀ, ಯಾರ್ರಿ ಅದು ಎಳಿಯೋರು? ಉಂಗುರ ಚುಚ್ಚತದ" ಎಂದಳು. ಸುಂದರಬಾಯಿ ಎದ್ದು ಹೋಗಿ ಬಾಗಿಲು ಹಾಕಿದಳು. ಯಾರನ್ನು ಹೊರಗಿಡಲು ಹಾಕಿದಳೋ ಅವಳಿಗೇ ತಿಳಿಯದು.

ನನಗೆ ಗೊತ್ತಿತ್ತು, ಅದು ನನ್ನ ಮೇಲಿನ ಸಿಟ್ಟು ಎಂದು. ಯಾರಿಗೂ ಹೇಳಲಿಲ್ಲ.

ಐವತ್ತರ ಮಾರ್ಚಿನಲ್ಲಿ ಸಾಹೇಬರ ತಾಯಿ ವಜೀರಬಿ ಹೇಳಿಕಳಿಸಿದಳು. ನಾನೂ ಸುಂದರಬಾಯಿಯೂ ಕಲ್ಯಾಣಿಗೆ ಹೋದೆವು. ಸಾಹೇಬರ ಹೆಂಡತಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಭಾಬಿ ಎಂದು ಕರೆಯುತ್ತಿದ್ದೆ, ಆಕೆ ಪರದೆಯ ಹಿಂದಿನಿಂದ ಮಾತಾಡುತ್ತಿದ್ದರು. ಆ ಹೆಂಗಸು ಇನ್ನೂ ಬಳೆ ತೆಗೆದಿರಲಿಲ್ಲ. ಗಂಡ ಸತ್ತವರು ನಾಲ್ಕು ತಿಂಗಳು ಹತ್ತು ದಿನ ಒಳಗೆ ಕೂರುವ ಇದ್ದತ್ತಿಗೂ ಕೂತಿರಲಿಲ್ಲ. ಅಣ್ಣತಮ್ಮಂದಿರು ಹೇಳಿ ಸೋತಿದ್ದರು. ಛತ್ರಿಯ ಮಾತು ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದರಂತೆ.

"ದೇವಿದಾಸ ಭಾಯಿ, ಒಂದು ತಾಟು ಉಳದದ" ಎಂದರು ಪರದೆಯ ಹಿಂದಿನಿಂದ. "ಗಲಾಟಿಯೊಳಗ ನೆಲದೊಳಗಿನ ಜ್ವಾಳದ ಹಗೇವಿನ್ಯಾಗ ಇಟ್ಟು ಉಳಿಸೇನಿ. ನಿಮ್ಮ ಊರಿಗೆ ಹೋಗೂ ಹಿಂದಿನ ದಿನ, ನಸಕಿನ್ಯಾಗ, ಅವರು ಒಬ್ಬರೇ ಪಡಸಾಲ್ಯಾಗ ಮಶೀನ್ ಹಚ್ಚಿ ಕುಂತಿದ್ರು. ನಾ ಒಳಗ ಜ್ವಾಳ ಬೀಸಾಕತ್ತಿದ್ದೆ. ಹಾಡೋರು ಯಾರೂ ಬಂದಿದ್ದಿಲ್ಲ. ಅಂದಮ್ಯಾಲೆ ಅದರಾಗ ಇರೂದು ಅವರ ದನೀನ. ನಂಗ ಅದು ಕೇಳಬೇಕು. ಎಲ್ಲಿಗೆ ಹೋಗ್ತೀನಿ, ಯಾವಾಗ ಬರ್ತೀನಿ ಅಂತ ಹೇಳಿಟ್ಟಿರ್ತಾರ."

ನಾನು ಬೇಡ ಎಂದೆ. ಅಚ್ಚು ಹಾಕದ ಮೇಣವನ್ನು ಒಂದೇ ಸಲ ಕೇಳಬಹುದು. ಉಕ್ಕಿನ ಸೂಜಿ ಇಟ್ಟರೆ ಅದು ಮೇಣವನ್ನು ಉತ್ತುಬಿಡುತ್ತದೆ. ಜಾಲಿಮುಳ್ಳು ಇಟ್ಟರೂ ಮುಳ್ಳು ನಡೆದ ದಾರಿಯೆಲ್ಲ ಅಳಿಸಿಹೋಗುತ್ತದೆ. ಆದರೆ ಮುಂಬಯಿಯವರು ಹಳೆಯ ಮೇಣ ಬೇಡವೆಂದು ಆಗಲೇ ಬರೆದಿದ್ದರು. ಹೋದ ಬೇಸಿಗೆಯಲ್ಲಿ ಹಗೇವಿನ ತಂಪಿನಲ್ಲೂ ಅದರ ಅಂಚು ಸೊಟ್ಟಗಾಗಿತ್ತು. ಇನ್ನೊಂದು ಬೇಸಿಗೆ ಬಾಗಿಲಲ್ಲಿತ್ತು.

ಮೇಣವನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಓದುವುದನ್ನು ಸಾಹೇಬರೇ ನನಗೆ ಕಲಿಸಿದ್ದರು. ಗಟ್ಟಿ ದನಿ ಇದ್ದಲ್ಲಿ ಗೆರೆ ಮಿನುಗುತ್ತದೆ, ಮೌನ ಇದ್ದಲ್ಲಿ ನುಣ್ಣಗಿರುತ್ತದೆ. ಕಿಟಕಿಯ ಹತ್ತಿರ ಹೋಗಿ ನೋಡಿದೆ. ಅಂಚಿನಿಂದ ಮುಕ್ಕಾಲು ಪಾಲು ಒಂದು ಮಿನುಗು, ಒಂದು ಮಂಕು, ಒಂದು ಮಿನುಗು, ಒಂದು ಮಂಕು. ಒಬ್ಬ ಮನುಷ್ಯ ಮಾತಾಡಿದರೆ ಹಾಗೆ ಬೀಳುವುದಿಲ್ಲ. ಆಮೇಲೆ ಉಗುರಿನಷ್ಟು ಸಣ್ಣ ಮಿನುಗು. ಅಲ್ಲಿಂದ ನಡುವಿನವರೆಗೆ ಏನೂ ಇಲ್ಲ. ಇದನ್ನು ನಾನು ಎರಡು ಸಲ ನೋಡಿದ್ದೇನೆ, ಆಣೆ ಮಾಡಿ ಹೇಳುತ್ತೇನೆ, ಅಲ್ಲಿ ಏನೂ ಇರಲಿಲ್ಲ.

"ಭಾಬೀ, ಕೇಳಿದ್ರ ಹೋಗಿಬಿಡ್ತದ್ರಿ" ಎಂದೆ.

"ಕೇಳದ ಇಟ್ರ ಉಳೀತದೇನು?" ಎಂದರು.

ಗ್ರಾಮಫೋನನ್ನು ಅದೇ ಪಡಸಾಲೆಯಲ್ಲಿ, ಅದೇ ಕಂಬದ ಹತ್ತಿರ ಇಟ್ಟೆವು. ಮಧ್ಯಾಹ್ನದ ಬಿಸಿಲು ಅಂಗಳದಲ್ಲಿ ಸುರಿಯುತ್ತಿದ್ದರೂ ಒಳಗೆ ಹಗೇವಿನ ವಾಸನೆ, ಹಗೇವಿನದೇ ತಂಪು. ಚಾವಿ ಕೊಟ್ಟು, ಜಾಲಿಮುಳ್ಳನ್ನು ಕಟ್ಟಿ, ಮೆಲ್ಲನೆ ಇಳಿಸಿದೆ.

ಮೊದಲು ಕೇಳಿದ್ದು ಗರಗರ ಸದ್ದು. ಮೇಣ ಕೆಟ್ಟಿದೆ ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ಬೀಸುವ ಕಲ್ಲು. ಅದರ ಮೇಲೆ ಒಂದು ಹೆಣ್ಣುದನಿ ಎದ್ದಿತು. ಬೀಸುವಾಗ ಹೇಳುವ ಹಾಡು, ನಮ್ಮ ಕಡೆಯ ಮುಸಲ್ಮಾನ ಹೆಂಗಸರು ತಮ್ಮ ಮಾತಿನಲ್ಲಿ ಹೇಳುವಂಥದು. ಕಲ್ಲಿನ ಗೂಟ ಆಚೆ ಹೋದಾಗ ದನಿಯೂ ಆಚೆ ಹೋಯಿತು, ಗೂಟ ತಿರುಗಿ ಬಂದಾಗ ಕಿವಿಯ ಹತ್ತಿರ ಬಂದು ಕೂತಿತು. ಮೇಲಿನ ಸ್ವರ ಬರುವ ಅರ್ಧ ಉಸಿರು ಮೊದಲೇ ಆ ದನಿ ಹಿಂದಕ್ಕೆ ವಾಲಿತು.

ಸುಂದರಬಾಯಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. "ಅಯ್ಯ, ಇದು ನಮ್ಮ ವಾಲೂದು" ಎಂದಳು. "ನಮ್ಮದೆಲ್ಲಿ ಬಂತು? ಇದು ಬೀಸೂ ಹೆಂಗಸಿನ ಮೈಯಾಟ!"

ಆಗ ನನಗೆ ಎಲ್ಲ ಬೆಳಕಾಯಿತು. ಆ ಮಹಾನುಭಾವ ನಮಗೆ ಕಲಿಸಿದ್ದೆಲ್ಲ ಈ ಮನೆಯ ಅಡುಗೆಮನೆಯಿಂದ ಕದ್ದದ್ದು. ದಿನಾ ನಸುಕಿನಲ್ಲಿ ಗೋಡೆಯ ಈಚೆ ಕೂತು ಕೇಳಿ ಕೇಳಿ, ಅದನ್ನು ತಮ್ಮ ಅಂಗೈಗೆ ಇಳಿಸಿಕೊಂಡು, ಅಲ್ಲಿಂದ ನಮ್ಮ ಭುಜಗಳಿಗೆ ದಾಟಿಸಿದ್ದರು. ಅವರ ಮೇಲಿನ ನನ್ನ ಭಕ್ತಿ ಅದರಿಂದ ಒಂದು ಕಾಳಿನಷ್ಟೂ ಕಡಿಮೆಯಾಗಲಿಲ್ಲ. ಹಾಗೆ ಕೇಳುವ ಕಿವಿ ಎಷ್ಟು ಜನರಿಗಿದೆ?

ಪರದೆಯ ಹಿಂದೆ ಗಂಡನ ದನಿಗಾಗಿ ಒಂದೂವರೆ ವರ್ಷ ಕಾದ ಹೆಂಗಸು ತನ್ನ ದನಿಯನ್ನೇ ಕೇಳುತ್ತಿದ್ದಳು. ಮುಳ್ಳಿನ ಹಿಂದೆ ಮೇಣ ಎಳೆಎಳೆಯಾಗಿ ಸುಲಿದು ಬೀಳುತ್ತಿತ್ತು. ಕಲ್ಲು ನಿಂತಿತು. ಮೈಕಿಗೆ ತೀರ ಹತ್ತಿರ, ಯಾರಿಗೂ ಕೇಳಬಾರದೆಂಬ ಹಾಗೆ, ಗಂಡಸಿನ ಪಿಸುಮಾತು ಬಂತು.

"ನಾಮ್ ಬೋಲೋ."

ಪಡಸಾಲೆಯಲ್ಲೇ ಕೂತಿದ್ದ ವಜೀರಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಬಲಭುಜದ ಮೇಲೆ ಆ ಕೈ ಬಂದು ಕೂತಿತು. ಸುಂದರಬಾಯಿ ತನ್ನ ಭುಜವನ್ನು ತಾನೇ ಮುಟ್ಟಿಕೊಂಡಳು. ಯಾರೂ ಅಲ್ಲಾಡಲಿಲ್ಲ, ಉಂಗುರ ಬಡಿಯುವವರೆಗೆ ಅಲ್ಲಾಡಬಾರದೆಂಬುದು ಆ ಮನೆಯ ಕಟ್ಟಳೆ. ತಾಟು ತಿರುಗುತ್ತಲೇ ಇತ್ತು. ಮುಳ್ಳು ಆ ನುಣ್ಣನೆಯ ಜಾಗಕ್ಕೆ ಬಂದು, ಮೌನವನ್ನು ಸುಲಿಯುತ್ತ ನಡುವಿನ ಕಡೆಗೆ ಸರಿಯುತ್ತಿತ್ತು.

ಅಂದು ಗೋಡೆಯಾಚೆ ಇದ್ದ ಆಕೆಗೆ ಆ ಪಿಸುಮಾತು ಕೇಳಿರಲಿಲ್ಲ. ಈಗ ಕೇಳಿತ್ತು. ಹೇಳದಿದ್ದರೆ ಅವರು ಈ ಮನೆ ಬಿಟ್ಟು ಹೋಗುವವರಲ್ಲ. ಇಲ್ಲೇ ಇರುತ್ತಾರೆ, ಕಾಯುತ್ತ, ನಮ್ಮೆಲ್ಲರ ಬೆನ್ನ ಹಿಂದೆ. ಹೇಳಿದರೆ ತಾಟು ಮುಗಿಯುತ್ತದೆ. ಇದು ನನಗೆ ಹೊಳೆದಷ್ಟೇ ಆಕೆಗೂ ಹೊಳೆದಿತ್ತು. ಪರದೆಯ ಅಂಚನ್ನು ಒಳಗಿನಿಂದ ಒಂದು ಕೈ ಹಿಡಿದುಕೊಂಡಿತು. ಹಸಿರು ಬಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಹೇಳಬೇಡ ತಾಯೀ ಎಂದು ಕೂಗಬೇಕು ಅನ್ನಿಸಿತು ನನಗೆ.

"ರಾಬಿಯಾ" ಎಂದರು. "ಕಲ್ಯಾಣಿ."

ಟಕ್ ಟಕ್.

ಸದ್ದು ಗ್ರಾಮಫೋನಿನಿಂದ ಬರಲಿಲ್ಲ. ನಮ್ಮ ಹಿಂದಿನ ಕಂಬದಿಂದ ಬಂತು. ನನ್ನ ಭುಜದ ಮೇಲಿನ ಭಾರ ಎದ್ದು ಹೋಯಿತು. ಮುಳ್ಳು ನಡುವಿಗೆ ತಲುಪಿ ಸುಮ್ಮನೆ ಸುತ್ತುತ್ತಿತ್ತು. ನಾನು ಅದನ್ನು ಎತ್ತಿದೆ. ತಾಟು ಬೋಳಾಗಿತ್ತು.

ಬಹಳ ಹೊತ್ತಾದ ಮೇಲೆ ಪರದೆ ಸರಿಯಿತು. ರಾಬಿಯಾ ಭಾಬಿ ಹೊರಗೆ ಬಂದು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಲವತ್ತರ ಹತ್ತಿರದ, ಸಣ್ಣ ಮೈಯ ಹೆಂಗಸು. ಕೈ ಬರಿದಾಗಿತ್ತು. ಬಳೆಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದರು.

"ದೇವಿದಾಸ ಭಾಯಿ" ಎಂದರು, "ಛತ್ರಿ ಎಲ್ಲಿ ಸಿಕ್ಕಿತ್ತು?"

ಎಲ್ಲವನ್ನೂ ಹೇಳಿದೆ. ಹಳ್ಳದ ದಂಡೆ, ಜಾಲಿಗಿಡ, ಮುಚ್ಚಿಯೇ ಇದ್ದ ಛತ್ರಿ. ಆ ಬೆಳಿಗ್ಗೆ ನಾನು ಇರ್ರಿ ಅನ್ನಲಿಲ್ಲ ಎಂಬುದನ್ನೂ ಹೇಳಿದೆ. ಹೇಳುತ್ತ ಮಗುವಿನ ಹಾಗೆ ಅತ್ತೆ. ಆಕೆ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನಾನು ಮುಗಿಸುವವರೆಗೆ ಕೇಳಿ ಎದ್ದರು. ಒಳಗೆ ಹೋಗಿ ಇದ್ದತ್ತಿಗೆ ಕೂತರು.

ಆ ಕೈ ಮತ್ತೆ ಬರಲಿಲ್ಲ. ಸುಂದರಬಾಯಿ ಈಗಲೂ ಮೇಲಿನ ಸ್ವರಕ್ಕೆ ವಾಲುತ್ತಾಳೆ, ಶೇವಂತಾ ಕೂಡ. ನಾನು ಮಾತ್ರ ಪೇಟಿ ಬಾರಿಸುವಾಗ ಬಲಭುಜವನ್ನು ಒಂದಿಷ್ಟು ಸಡಿಲ ಬಿಟ್ಟು ಕೂರುತ್ತೇನೆ. ಸಿಟ್ಟಿನ ಕೈಯೇ ಆಗಲಿ, ಒಂದು ಸಲ ಬಂದರೆ ಇವತ್ತು ಇಲ್ಲೇ ಇರ್ರಿ ಎನ್ನಬೇಕು.